ಎಷ್ಟನೇ ಮಹಡಿ

ನನ್ನ ಸ್ಟೂಲಿನ ಒಂದು ಕಾಲು ಮೋಟು.
ಅದರಡಿ ಇಟ್ಟಿಗೆ,
ಇಟ್ಟಿಗೆಯ ಮೇಲೆ ಮಡಿಸಿದ ಪೇಪರು.
ಇಪ್ಪತ್ತಾರು ವರ್ಷದಲ್ಲಿ ಪೇಪರು ಬದಲಾಗಿದೆ,
ಇಟ್ಟಿಗೆ ಅದೇ.

ಚಿಕ್ಕಪೇಟೆ. ಸಗಟು ಸೀರೆ ಮಳಿಗೆಗಳ ಸಂದಿ.
ಆರು ಮಹಡಿ, ಒಂದು ಲಿಫ್ಟು,
ನಾಲ್ಕಡಿಗೆ ಮೂರೂವರೆ ಅಡಿ ನನ್ನ ರಾಜ್ಯ.
ಜಾಲರಿ ಬಾಗಿಲು ಎಳೆ, ಗುಂಡಿ ಒತ್ತು.
ಯಾರೂ ನನ್ನ ಮುಖ ನೋಡುವುದಿಲ್ಲ,
ಎಲ್ಲರೂ ನಂಬರು ನೋಡುತ್ತಾರೆ.
ಸೀರೆಯ ಗಂಟು, ಕಾಫಿ ಫ್ಲಾಸ್ಕು, ವಕೀಲರ ಕೋಟು,
ಜಗಳ ಅರ್ಧಕ್ಕೆ ನಿಲ್ಲಿಸಿ ಮೂರಕ್ಕೆ ಇಳಿದ ಗಂಡ ಹೆಂಡತಿ.
ಮಿಕ್ಕರ್ಧ ಏನಾಯಿತೋ
ನನಗೆ ಇವತ್ತಿಗೂ ಗೊತ್ತಿಲ್ಲ.

ಮಗಳು ಒಂದು ರಾತ್ರಿ ಲೆಕ್ಕ ಹಾಕಿದಳು
ಹೋಮ್‌ವರ್ಕಿನ ಹಿಂಬದಿ ಹಾಳೆಯಲ್ಲಿ.
ಅರವತ್ತು ಅಡಿ, ದಿನಕ್ಕೆ ಎಂಬತ್ತು ಸಲ,
ಭಾನುವಾರ ಬಿಟ್ಟು, ಯುಗಾದಿ ಬಿಟ್ಟು.
"ಅಪ್ಪಾ, ನೀನು ವರ್ಷಕ್ಕೆ ಐವತ್ತು ಸಲ
ಎವರೆಸ್ಟು ಹತ್ತುತೀಯ!"
ಎದೆ ಉಬ್ಬಿತು. ಮುದ್ದೆ
ಎರಡು ತುತ್ತು ಜಾಸ್ತಿ ಇಳಿಯಿತು.
ಆಮೇಲೆ ಪೆನ್ಸಿಲು ಕಚ್ಚಿಕೊಂಡು ಅಂದಳು:
"ಆದರೆ ಇಳೀತೀಯಲ್ಲ. ಕಳೆದರೆ ಸೊನ್ನೆ."

ಆ ಸೊನ್ನೆ ನಿದ್ದೆಗೆ ಬಿಡಲಿಲ್ಲ.
ಕತ್ತಲಲ್ಲಿ ಸೊಳ್ಳೆಬತ್ತಿಯ ಹಾಗೆ
ಸುತ್ತಿ ಸುತ್ತಿ ಉರಿಯಿತು.

ನಾಲ್ಕನೇ ಮಹಡಿಯ ಆಡಿಟರ ಆಫೀಸಿನಲ್ಲಿ ನಾಜಿಯಾ.
ಸೋಮವಾರ ಬಂದರೆ ಉಗುರ ಸಂದಿಯಲ್ಲಿ ಬಿಳಿ ಪುಡಿ,
ಬೆರಳ ತುದಿಯ ಚರ್ಮ ಸಿಪ್ಪೆ ಎದ್ದಿರುತ್ತಿತ್ತು.
ರಂಗೋಲಿಯೇನಮ್ಮ? ಅಂದೆ.
ಬಂಡೆ, ಅಂದಳು. ತುರಹಳ್ಳಿ.
ಹಗ್ಗ ಗಿಗ್ಗ ಏನಿಲ್ಲ ಅಣ್ಣ, ಬರೀ ಕೈ.
ಯಾಕೆ?
ಎರಡನೇ ಮಹಡಿ ದಾಟುವಷ್ಟು ಹೊತ್ತು ಯೋಚಿಸಿ
"ಮುಂದಿನ ಹೆಜ್ಜೆ ಎಲ್ಲಿಡಬೇಕು ಅಂತ
ಅಲ್ಲಿ ಯಾರೂ ಬರೆದಿಟ್ಟಿರಲ್ಲ" ಎಂದು
ಇಳಿದು ಹೋದಳು.

ಮಂಗಳವಾರ.
ಇಸ್ತ್ರಿಯ ಖಾಕಿ ಮೈಮೇಲಿತ್ತು, ಟಿಫನ್ ಡಬ್ಬಿ ಕೈಲಿತ್ತು.
ಮಾರ್ಕೆಟ್ಟಿನಲ್ಲಿ ಇಳಿದೆ, ಎಂದಿನಂತೆ.
ಎದುರಿಗೆ ಕನಕಪುರ ರಸ್ತೆಯ ಬಸ್ಸು ಕೆಮ್ಮುತ್ತ ನಿಂತಿತ್ತು.
ಇಷ್ಟೇ. ಕಾಲು ಹತ್ತಿತು, ನಾನು ಆಮೇಲೆ.
ಬನಶಂಕರಿ ದಾಟುವವರೆಗೂ ತಲೆ ತಗ್ಗಿಸಿ ಕೂತಿದ್ದೆ,
ಸೇಟಿನ ಕಡೆಯವರು ಯಾರಾದರೂ ಕಂಡಾರೆಂದು.
ಐವತ್ತೊಂದರ ಗಂಡಸು,
ಸ್ಕೂಲಿಗೆ ಚಕ್ಕರ್ ಹೊಡೆದವನ ಹಾಗೆ.

ಬಂಡೆ ದೊಡ್ಡದೇನಲ್ಲ.
ಒಂದೂವರೆ ಮಹಡಿ, ನನ್ನ ಲೆಕ್ಕದಲ್ಲಿ.
ಚಪ್ಪಲಿ ಬಿಟ್ಟೆ. ಖಾಕಿಯ ತೋಳು ಮಡಿಸಿದೆ.
ಡಬ್ಬಿಯನ್ನು ಲಂಟಾನದ ಪೊದೆಗೆ ಒಪ್ಪಿಸಿದೆ.
ಅಂಗೈ ಇಟ್ಟೆ. ತರಿತರಿ, ಬೆಚ್ಚಗೆ,
ಯಾರದೋ ಕ್ಷೌರವಾಗದ ಗಲ್ಲ.

ಅರ್ಧಕ್ಕೆ ಸಿಕ್ಕಿಬಿದ್ದೆ.
ಕೆಳಗೆ ನೋಡಬಾರದಿತ್ತು, ನೋಡಿದೆ.
ಮೊಣಕಾಲು ಹೊಲಿಗೆ ಮಿಷನ್ನು.
ಬಲಗೈ ಹೆಬ್ಬೆರಳು ತಾನಾಗೇ
ಬಂಡೆಯನ್ನು ಒತ್ತಿತು, ಒಮ್ಮೆ, ಮತ್ತೊಮ್ಮೆ.
ಆ ಭಯದಲ್ಲೂ ನಗು ಬಂತು.
ಇಷ್ಟು ವರ್ಷ ಗುಂಡಿ ಇತ್ತು,
ಗುಂಡಿಗೆಯ ವಿಚಾರ ಯಾರೂ ಕೇಳಿರಲಿಲ್ಲ.

ಎಡಗಾಲಿಗೊಂದು ಬಿರುಕು ಸಿಕ್ಕಿತು,
ಇರುವೆಗಳು ಮೊದಲೇ ದಾರಿ ಮಾಡಿಕೊಂಡದ್ದು.
ಹೊಟ್ಟೆ ಉಜ್ಜಿತು. ಷರಟಿನದೊಂದು ಗುಂಡಿ ಕಿತ್ತು
ಟಕ್ಕ ಟಕ್ಕನೆ ಉರುಳಿ ಕೆಳಗೆ ಹೋಯಿತು.
ಹೋಗಲಿ.
ಆಮೇಲೆ ಗಾಳಿ.

ಕೂತೆ. ಕಣ್ಣು ಹಾಯುವಷ್ಟು ದೂರ ಅಪಾರ್ಟ್‌ಮೆಂಟು,
ಒಂದೊಂದರ ಹೊಟ್ಟೆಯಲ್ಲೂ ಒಂದೊಂದು ಲಿಫ್ಟು
ತಾನೇ ಏರುತ್ತ, ತಾನೇ ಇಳಿಯುತ್ತ, ಸ್ಟೂಲಿಲ್ಲದೆ.
ಹದ್ದೊಂದು ನನ್ನ ಮಟ್ಟಕ್ಕೆ ಬಂದು
ನನ್ನನ್ನು ನೋಡಿ, ಆಸಕ್ತಿ ಹುಟ್ಟದೆ ಹೋಯಿತು.
ಮೊಣಕೈ ತರಚಿತ್ತು. ರಕ್ತ ನನ್ನದೇ.
ಇಳಿಯುವುದು ಹೇಗೆಂದು ಗೊತ್ತಿರಲಿಲ್ಲ,
ಯೋಚಿಸಲೂ ಇಲ್ಲ.

ಫೋನು ಬಡಕೊಂಡಿತು. ಸೇಟು.
"ಪಿಳ್ಳಪ್ಪ, ಜನ ಕಾಯ್ತಾ ಇದಾರೆ, ಎಲ್ಲಿದೀಯ?"
"ಮೇಲಿದೀನಿ."
"ಮೇಲೆ ಅಂದ್ರೆ? ಎಷ್ಟನೇ ಫ್ಲೋರು?"

ಸುತ್ತಲೂ ಹುಡುಕಿದೆ, ನಿಜವಾಗಿ ಹುಡುಕಿದೆ.
ನಂಬರು ಎಲ್ಲೂ ಬರೆದಿರಲಿಲ್ಲ.